ನೆರಳು ನಿರ್ವಹಣಾಧಿಕಾರಿಗಳ ಹೇಳಿಕೆ ಬರುವವರೆಗೆ

ಸಮಸ್ತ ದ್ವಿಚಕ್ರ, ತ್ರಿಚಕ್ರ, ಚತುಶ್ಚಕ್ರ ವಾಹನಗಳ ಭಾಗ್ಯವಿಧಾತರೂ, ಹಳದಿ ಗೆರೆಗಳ ಏಕಚ್ಛತ್ರಾಧಿಪತಿಗಳೂ, ವೈಪರಿನಡಿ ಚೀಟಿ ಸಿಕ್ಕಿಸುವ ವಿದ್ಯೆಯಲ್ಲಿ ಪಾರಂಗತರೂ, ದಾರಿ ತಪ್ಪಿದ ಕಾರುಗಳನ್ನು ಕೊಕ್ಕೆ ಹಾಕಿ ಮೇಲೆತ್ತಿ ಉದ್ಧರಿಸುವ ಕರುಣಾಳುಗಳೂ ಆದ ನಮ್ಮ ವಿಶ್ವವಿದ್ಯಾಲಯದ ವಾಹನ ನಿಲುಗಡೆ ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ, ಸ್ವಂತಕ್ಕೆ ಸೈಕಲ್ಲೂ ಇಲ್ಲದ ಕಾಲ್ನಡಿಗೆಯ ವಿದ್ಯಾರ್ಥಿಯೊಬ್ಬ ದೂರದಿಂದಲೇ, ಅಂದರೆ ಗೆರೆಯ ಆಚೆಯಿಂದಲೇ, ಕೈಮುಗಿದು ಮಾಡುವ ಬಿನ್ನಹ.

ಮಾನ್ಯರೇ,

ಕಳೆದ ತಿಂಗಳು ತಮ್ಮ ವಿಭಾಗವು ನನ್ನ ಅಕ್ಕನ ಕಾರನ್ನು, ಒಳಗಿದ್ದ ಇನ್ನೂರು ಬಸವನಹುಳುಗಳ ಸಮೇತ, ಎಳೆದುಕೊಂಡು ಹೋಯಿತು. ಕಾರು ವಾಪಸ್ ಬಂದಿದೆ. ಬಸವನಹುಳುಗಳೂ ಹೆಚ್ಚು ಕಡಿಮೆ ಎಲ್ಲವೂ ವಾಪಸ್ ಬಂದಿವೆ. ಬಾರದೆ ಉಳಿದಿರುವುದು ತಮ್ಮ ವಿಭಾಗ ಕೊಡಬೇಕಾದ ಬೇಬಾಕಿ ಪತ್ರ ಒಂದೇ. ಅರ್ಧ ಹಾಳೆ, ಒಂದು ಸಹಿ, ಒಂದು ಮೊಹರು. ಈಕೆಯಿಂದ ನಮಗೆ ಏನೂ ಬರಬೇಕಾಗಿಲ್ಲ ಎಂದು ಗ್ರಂಥಾಲಯ ಬರೆದುಕೊಟ್ಟಿದೆ, ಪ್ರಯೋಗಾಲಯ ಬರೆದುಕೊಟ್ಟಿದೆ, ಅವಳು ಎಂದೂ ಕಾಲಿಡದ ಈಜುಕೊಳದವರು ಕೂಡ ಬರೆದುಕೊಟ್ಟಿದ್ದಾರೆ. ತಮ್ಮದೊಂದು ಸೇರದೆ ಅವಳ ಪಿಎಚ್‌ಡಿ ಪ್ರಬಂಧವನ್ನು ಯಾರೂ ಕೈಯಲ್ಲೂ ಮುಟ್ಟುವುದಿಲ್ಲ. ಈ ತಿಂಗಳ ಕೊನೆಯೊಳಗೆ ಮುಟ್ಟದಿದ್ದರೆ ಅವಳ ನೋಂದಣಿ ರದ್ದಾಗುತ್ತದೆ. ಆಮೇಲೆ ಪ್ರವೇಶ ಪರೀಕ್ಷೆಯಿಂದ ಹಿಡಿದು ಎಲ್ಲವೂ ಮತ್ತೆ ಮೊದಲಿನಿಂದ. ಅಷ್ಟೂ ವರ್ಷಗಳ ದುಡಿಮೆ ಒಂದು ಮರದ ನೆರಳಿನಲ್ಲಿ ಸಿಕ್ಕಿಹಾಕಿಕೊಂಡಿದೆ. ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ವಿವರ, ವಿವರಗಳೆಂದರೆ ತಮಗೆ ಎಷ್ಟು ಇಷ್ಟ ಎಂಬುದು ತಮ್ಮ ಚೀಟಿಯ ಹಿಂದಿನ ಸಣ್ಣಕ್ಷರಗಳನ್ನು ಓದಿದವರಿಗೆಲ್ಲ ಗೊತ್ತು.

ಅಕ್ಕನ ಪರಿಚಯ ತಮಗಿಲ್ಲ. ತಮ್ಮ ಪಾಲಿಗೆ ಅವಳೊಂದು ನಂಬರ್ ಪ್ಲೇಟು. ಆದ್ದರಿಂದ ಹೇಳುತ್ತೇನೆ. ಪ್ರಾಣಿಶಾಸ್ತ್ರ ವಿಭಾಗದ ಹಿಂಬದಿಯ ಕೋಣೆಯಲ್ಲಿ ಅವಳು ಬಸವನಹುಳುಗಳನ್ನು ಓದುತ್ತಾಳೆ. ಬಿಸಿಲು ಏರಿ ನೆಲ ಒಣಗಿದಾಗ ಬಸವನಹುಳು ಚಿಪ್ಪಿನೊಳಕ್ಕೆ ಸರಿದು, ಬಾಗಿಲಿಗೆ ತೆಳ್ಳನೆಯ ಪರದೆಯೊಂದನ್ನು ಕಟ್ಟಿಕೊಂಡು, ಒಳ್ಳೆಯ ಕಾಲ ಬರುವವರೆಗೆ ಅನ್ನ ನೀರಿಲ್ಲದೆ ಮಲಗಿಬಿಡುತ್ತದಂತೆ. ಎಷ್ಟು ಕಾಲ ಹಾಗೆ ಮಲಗಿರಬಲ್ಲದು, ಯಾವ ಧೈರ್ಯದ ಮೇಲೆ ಮತ್ತೆ ಏಳುತ್ತದೆ ಎಂಬುದೇ ಅವಳ ಪ್ರಬಂಧದ ವಿಷಯ. ತಮ್ಮ ಕಚೇರಿಯಲ್ಲಿ ಅಪೀಲು ಹಾಕಿದ ಪ್ರತಿಯೊಬ್ಬರೂ ಓದಬೇಕಾದ ಪ್ರಬಂಧ ಅದು. ಆದರೆ ಅದನ್ನು ಸಲ್ಲಿಸಲು ಮೊದಲು ಅವಳ ಅಪೀಲು ಮುಗಿಯಬೇಕು.

ಅವಳ ಕೆಲಸದಲ್ಲಿ ಒಂದು ಸೂಕ್ಷ್ಮವಿದೆ. ಊರಾಚೆಯ ಕೆರೆಯಂಚಿನಿಂದ ಅವಳು ಹುಳುಗಳನ್ನು ಆರಿಸಿ, ರಟ್ಟಿನ ಪೆಟ್ಟಿಗೆಗಳಲ್ಲಿ ಒದ್ದೆ ಪತ್ರಿಕೆ ಹಾಸಿ, ಕಾರಿನ ಹಿಂದಿನ ಸೀಟಿನಲ್ಲಿ ಜೋಡಿಸಿ ತರುತ್ತಾಳೆ. ಅವು ಪ್ರಯೋಗಾಲಯದ ತಂಪು ಕೋಣೆಗೆ ಎಚ್ಚರವಾಗಿ ಬಂದು ಸೇರಬೇಕು. ದಾರಿಯಲ್ಲಿ ಬಿಸಿಲು ತಗುಲಿ ಬಾಗಿಲು ಹಾಕಿಕೊಂಡರೆ ಮುಗಿಯಿತು, ಆ ಸಲದ ಪ್ರಯೋಗ ಕೈಬಿಟ್ಟ ಹಾಗೆಯೇ. ತಂಪು ಕೋಣೆಯ ಬೀಗದ ಕೈ ಇರುವುದು ಒಬ್ಬ ಅಟೆಂಡರ್ ಬಳಿ. ಅಟೆಂಡರ್ ಇರುವುದು ಕ್ಯಾಂಟೀನಿನಲ್ಲಿ. ಅವರು ಟೀ ಮುಗಿಸಿ, ಲೋಕದ ಆಗುಹೋಗುಗಳನ್ನು ಇತ್ಯರ್ಥ ಮಾಡಿ, ಮೆಟ್ಟಿಲು ಹತ್ತಿ ಬರುವವರೆಗೆ ಕಾರು ಎಲ್ಲೋ ಒಂದು ಕಡೆ ನಿಂತಿರಬೇಕಲ್ಲವೇ?

ಎಲ್ಲಿ ನಿಲ್ಲಿಸುವುದು? ತಾವು ಈ ಆವರಣವನ್ನು ಮೂರು ಬಣ್ಣಗಳಾಗಿ ಹಂಚಿದ್ದೀರಿ. ಕೆಂಪು ಸ್ಟಿಕ್ಕರಿನವರು ಅಧಿಕಾರಿಗಳು. ಅವರಿಗೆ ಪೋರ್ಟಿಕೋ ಉಂಟು, ಛಾವಣಿ ಉಂಟು, ಮಧ್ಯಾಹ್ನವಾದ ಮೇಲೆ ಖಾಲಿ ಬಿದ್ದಿರುವ ಸಾಲು ಸಾಲು ಜಾಗ ಉಂಟು. ನೀಲಿಯವರು ಅಧ್ಯಾಪಕರು, ಅವರಿಗೆ ಗೋಡೆಯ ಮಗ್ಗುಲು. ಹಸಿರಿನವರು ವಿದ್ಯಾರ್ಥಿಗಳು. ಹಸಿರು ವಲಯವೆಂಬುದು ಆಟದ ಮೈದಾನ ದಾಟಿ, ನೀರಿನ ಟ್ಯಾಂಕಿನ ಆಚೆ, ಒಂದು ಹುಲ್ಲುಕಡ್ಡಿಯೂ ಇಲ್ಲದ ಬಯಲು. ಅಲ್ಲಿ ನಿಲ್ಲಿಸಿದ ಕಾರಿನ ಬಾಗಿಲಿನ ಹಿಡಿ ಮುಟ್ಟಿದವರು ಕೈ ಕೊಡವಿಕೊಂಡು ಕುಣಿಯುವುದನ್ನು ನಾನೇ ಕಂಡಿದ್ದೇನೆ. ಆ ಕಾವಲಿಯ ಮೇಲೆ ಬಸವನಹುಳುಗಳನ್ನು ಇಡುವುದು ಹೇಗೆ?

ಪ್ರಾಣಿಶಾಸ್ತ್ರ ವಿಭಾಗದ ಹಿತ್ತಲಲ್ಲಿ ಮಾತ್ರ ಒಂದು ಅಗಲವಾದ ಮರವಿದೆ. ಅದರ ಕೆಳಗೆ ಸರಿಯಾಗಿ ಒಂದು ಕಾರಿನಷ್ಟು ನೆರಳಿದೆ. ತಮ್ಮ ನಕ್ಷೆಯಲ್ಲಿ ಆ ತುಣುಕಿಗೆ ಬಣ್ಣ ಬಳಿಯುವುದು ಮರೆತುಹೋಗಿತ್ತು. ಹಾಗಾಗಿ ಮೊದಲು ಬಂದವರದೇ ಆ ಜಾಗ. ಮೊದಲು ಬರುತ್ತಿದ್ದವರು ಯಾವಾಗಲೂ ಬೇರೆ ಯಾರೋ. ಅಕ್ಕ ಪೆಟ್ಟಿಗೆಗಳ ಮೇಲೆ ತನ್ನ ದುಪಟ್ಟಾ ಹೊದಿಸಿ, ಗಾಜಿನಲ್ಲಿ ಬಗ್ಗಿ ಬಗ್ಗಿ ನೋಡುತ್ತ, ಜೀವ ಕೈಯಲ್ಲಿ ಹಿಡಿದುಕೊಂಡು ಬಿಸಿಲಲ್ಲಿ ನಿಲ್ಲುತ್ತಿದ್ದಳು.

ಹೀಗಿರಲು ಒಂದು ಬೆಳಿಗ್ಗೆ ಆ ಮರಕ್ಕೆ ಬೋರ್ಡೊಂದು ಬಂತು. ಯಾರು ತಂದರು, ಹೇಗೆ ತಂದರು ಎಂಬ ಚಿಲ್ಲರೆ ಪ್ರಶ್ನೆಗಳಿಗೆ ಹೋಗಿ ತಮ್ಮ ಅಮೂಲ್ಯ ಸಮಯ ಹಾಳು ಮಾಡಲಾರೆ. ರಟ್ಟಿನ ಬೋರ್ಡು. ಅಂಚನ್ನು ಏನೋ ಕೆರೆದು ತಿಂದ ಹಾಗಿತ್ತು. ಅಕ್ಷರ ಮಾತ್ರ, ಯಾರೇ ಬರೆದಿರಲಿ, ದುಂಡಗೆ ಮುದ್ದಾಗಿತ್ತು. ‘ಈ ಸ್ಥಳವು ನೆರಳು ನಿರ್ವಹಣಾಧಿಕಾರಿಗಳಿಗೆ ಮೀಸಲು. ಅತಿಕ್ರಮಿಸಿದವರ ಮೇಲೆ ಕ್ರಮ.’ ಅಂದಿನಿಂದ ಅಲ್ಲಿ ಒಂದು ನರಪಿಳ್ಳೆಯೂ ಗಾಡಿ ನಿಲ್ಲಿಸಲಿಲ್ಲ. ಡಾಕ್ಟರೇಟ್ ಪಡೆದವರು, ಡಾಕ್ಟರೇಟ್ ಕೊಡುವವರು ಎಲ್ಲರೂ ಆ ಬೋರ್ಡನ್ನು ಓದಿ, ತಲೆಬಾಗಿ, ಮುಂದೆ ಹೋದರು. ಇಷ್ಟು ದೊಡ್ಡ ವಿದ್ಯಾಸಂಸ್ಥೆಯಲ್ಲಿ ಒಬ್ಬರಿಗಾದರೂ ‘ನೆರಳನ್ನು ನಿರ್ವಹಿಸುವುದೆಂದರೇನು?’ ಎಂಬ ಸಂಶೋಧನಾ ಪ್ರಶ್ನೆ ಹೊಳೆಯಬಾರದಿತ್ತೇ?

ಇದೇ ಸಮಯಕ್ಕೆ ಒಬ್ಬ ವಿಶ್ವಾಸಾರ್ಹ ವ್ಯಕ್ತಿ ಅಕ್ಕನಿಗೆ ಹೀಗೆ ಹೇಳಿದ: “ನೀನು ಅಲ್ಲೇ ನಿಲ್ಸು. ಆ ಆಫೀಸರ್ ನಂಗೆ ಚೆನ್ನಾಗಿ ಗೊತ್ತು. ಅವರಿಗೆ ಕಾರೇ ಇಲ್ಲ. ಏನೂ ಅಂದ್ಕೊಳಲ್ಲ.” ಅಕ್ಕ ಮೊದಮೊದಲು ಹಿಂಜರಿದಳು. “ಪಾಪ, ಅವರ ಜಾಗ ಕಣೋ” ಎಂದಳು. ಆಮೇಲೆ ನಂಬಿದಳು. ತಮ್ಮ ಮೇಲ್ಮನವಿ ಸಮಿತಿಯ ಸದಸ್ಯರೊಬ್ಬರು ಅವಳ ಅರ್ಜಿಯ ಅಂಚಿನಲ್ಲಿ ‘ಯಾರೀ ವಿಶ್ವಾಸಾರ್ಹ ವ್ಯಕ್ತಿ?’ ಎಂದು ಕೆಂಪು ಶಾಯಿಯಲ್ಲಿ ಕುಹಕವಾಡಿದ್ದಾರೆ. ಹೆಸರು ಇಲ್ಲಿ ಅಪ್ರಸ್ತುತ. ಆದರೆ ಆತನ ನಡತೆಯ ಬಗ್ಗೆ ನಾನು ಖುದ್ದು ಖಾತರಿ ಕೊಡಬಲ್ಲೆ, ಹುಟ್ಟಿದಾಗಿನಿಂದ ಬಲ್ಲೆ.

ಕೆಲವು ವಾರ ಎಲ್ಲವೂ ಬೆಣ್ಣೆಯಿಂದ ಕೂದಲು ತೆಗೆದಂತೆ ನಡೆಯಿತು. ಹುಳುಗಳು ಎಚ್ಚರವಾಗಿದ್ದವು, ಅಕ್ಕ ನಗುತ್ತಿದ್ದಳು, ಪ್ರಬಂಧದ ಕೊನೆಯ ಅಧ್ಯಾಯ ಬೆಳೆಯುತ್ತಿತ್ತು. ಕಾವಲಿನವರು ಕೂಡ ಅಕ್ಕ ಬಂದರೆ ಎದ್ದು ನಿಂತು, “ಸಾಹೇಬ್ರು ಆರಾಮಾಗಿದಾರಾ ಮೇಡಂ?” ಎಂದು ವಿಚಾರಿಸಿಕೊಳ್ಳತೊಡಗಿದ್ದರು. ಅಷ್ಟರಲ್ಲಿ ಆ ರಟ್ಟು ತಮ್ಮ ವಿಭಾಗದ ಕಣ್ಣಿಗೆ ಬಿತ್ತು. ತಾವು ಏನು ಮಾಡಬಹುದಿತ್ತು? ‘ಇಂಥ ಹುದ್ದೆ ನಮ್ಮಲ್ಲಿ ಇದೆಯೇ?’ ಎಂದು ಒಂದು ಫೋನು ಮಾಡಬಹುದಿತ್ತು. ತಾವು ಮಾಡಿದ್ದು ಬೇರೆ. ಹಿರಿಯ ಅಧಿಕಾರಿಗಳೊಬ್ಬರ ಬೋರ್ಡು ರಟ್ಟಿನದಾಗಿರುವುದು ಸಂಸ್ಥೆಯ ಘನತೆಗೆ ಕುಂದು ಎಂದು ಬಗೆದು, ಅದನ್ನು ಕಿತ್ತು, ಕಬ್ಬಿಣದ ಕಂಬ ನೆಟ್ಟು, ಬುಡಕ್ಕೆ ಸಿಮೆಂಟು ಸುರಿದು, ಅದೇ ಒಕ್ಕಣೆಯನ್ನು ಎನಾಮೆಲ್ ಬಣ್ಣದಲ್ಲಿ ಬರೆಸಿದಿರಿ. ಸುತ್ತ ಹಳದಿ ಚೌಕ ಹಾಕಿಸಿದಿರಿ. ನಕ್ಷೆಯಲ್ಲಿ ಆ ತುಣುಕಿಗೆ ಕೆಂಪು ಬಳಿದಿರಿ. ನೆರಳಿಗೆ ಯಜಮಾನರು ಸಿಕ್ಕರು.

ಇನ್ನು ಎಳೆದ ದಿನದ ಕಥೆ. ತಮ್ಮ ಟೋಯಿಂಗ್ ಗಾಡಿಯ ಚಾಲಕರನ್ನು ಆವರಣದವರೆಲ್ಲ ಪ್ರೀತಿಯಿಂದಲೂ ಭೀತಿಯಿಂದಲೂ ‘ಕೊಕ್ಕೆಯಣ್ಣ’ ಎನ್ನುತ್ತಾರೆ. ಅಕ್ಕ ಬೀಗದ ಕೈಗಾಗಿ ಕ್ಯಾಂಟೀನಿಗೆ ಹೋಗಿದ್ದಳು. ನಾನು ಮರಕ್ಕೆ ಒರಗಿ ಕಾವಲಿದ್ದೆ. ಅಂದರೆ ನಿದ್ದೆ ಮಾಡುತ್ತಿದ್ದೆ. ಕಣ್ಣು ಬಿಡುವಷ್ಟರಲ್ಲಿ ಕಾರಿನ ಮೂತಿ ಆಕಾಶ ನೋಡುತ್ತಿತ್ತು. ಅಕ್ಕ ಓಡಿ ಬಂದಳು.

“ಅಣ್ಣಾ, ಇಳ್ಸಿ ಅಣ್ಣಾ! ನಾನು ಬಂದೆನಲ್ಲ, ಈಗಲೇ ತೆಗೀತೀನಿ!”

“ಕೊಕ್ಕೆ ಹಾಕೋವರೆಗೂ ಕಾರು ನಿಮ್ದಮ್ಮ. ಚಕ್ರ ನೆಲ ಬಿಟ್ಮೇಲೆ ಯೂನಿವರ್ಸಿಟಿದು. ನಾನು ಇಳಿಸ್ದೆ ಅಂತಿಟ್ಕೊಳಿ, ನನ್ನ ಗಾಡಿನ ಇನ್ನೊಬ್ಬ ಬಂದು ಎಳ್ಕೊಂಡು ಹೋಗ್ತಾನೆ.”

“ಒಳಗೆ ಜೀವಗಳಿವೆ ಅಣ್ಣಾ.”

ಕೊಕ್ಕೆಯಣ್ಣನ ಮುಖ ಬಿಳುಚಿತು. “ಅಯ್ಯೋ! ಎಷ್ಟು ಜನ?”

“ಇನ್ನೂರು.”

ಅವರು ಅಕ್ಕನನ್ನು ನೋಡಿದರು, ಕಾರನ್ನು ನೋಡಿದರು, ನನ್ನನ್ನು ನೋಡಿದರು. ನಾನು ಹಿಂದಿನ ಗಾಜಿನತ್ತ ಬೆರಳು ತೋರಿಸಿದೆ. ಓರೆಯಾದ ಕಾರಿನಲ್ಲಿ ಪೆಟ್ಟಿಗೆಗಳು ಜಾರಿ, ಮುಚ್ಚಳ ತೆರೆದುಕೊಂಡು, ಕೆಲವು ಹುಳುಗಳು ಆಗಲೇ ಗಾಜು ಹತ್ತಿ, ಕೊಂಬು ಚಾಚಿ, ಹೊರಗೇನು ಗಲಾಟೆ ಎಂದು ವಿಚಾರಿಸುತ್ತಿದ್ದವು. ಕೊಕ್ಕೆಯಣ್ಣ ಗಾಜಿಗೆ ಮೂಗು ತಾಗಿಸಿದರು.

“ಇವಕ್ಕೆ ಜೋರಾಗಿ ಹೋದ್ರೆ ಆಗಲ್ವಾ?”

“ಅಲುಗಾಡಿದ್ರೆ ಬಾಗಿಲು ಹಾಕ್ಕೊಂಡು ಬಿಡ್ತವೆ ಅಣ್ಣಾ.”

“ಸರಿ, ನಡೀರಿ. ಪಕ್ಕದಲ್ಲೇ ಬನ್ನಿ.”

ಮಾನ್ಯರೇ, ಅಂದು ಗ್ರಂಥಾಲಯದ ಮುಂದಿನ ರಸ್ತೆಯಲ್ಲಿ ವಾಹನ ದಟ್ಟಣೆ ಉಂಟಾದದ್ದರ ಬಗ್ಗೆ ತಾವು ಕಾರಣ ಕೇಳಿ ಸುತ್ತೋಲೆ ಹೊರಡಿಸಿದಿರಿ. ಕಾರಣ ಇದು. ತಮ್ಮದೇ ಗಾಡಿ, ತಮ್ಮದೇ ಕೊಕ್ಕೆ, ಹಿಂದೆ ಓರೆಯಾದ ನಮ್ಮ ಹಳೆಯ ಕಾರು, ಎಡಕ್ಕೆ ಅಕ್ಕ, ಬಲಕ್ಕೆ ನಾನು, ಹೆಜ್ಜೆಯ ಮೇಲೊಂದು ಹೆಜ್ಜೆ. ಹಿಂದೆ ಹಾರ್ನು ಹೊಡೆಯುತ್ತಿದ್ದ ಕೆಂಪು ಸ್ಟಿಕ್ಕರಿನ ಕಾರಿನತ್ತ ಕೊಕ್ಕೆಯಣ್ಣ ಕಿಟಕಿಯಿಂದ ತಲೆ ಹಾಕಿ, “ಸ್ವಲ್ಪ ತಡ್ಕೊಳಿ ಸಾರ್, ಒಳಗೆ ಮಲಗಿದಾರೆ!” ಎಂದು ಗದರಿದರು. ತಮ್ಮ ಇಡೀ ವಿಭಾಗದಲ್ಲಿ ನನಗೆ ದಯೆ ಕಂಡದ್ದು ಆ ಒಂದು ಮೊದಲ ಗೇರಿನಲ್ಲಿ.

ಪಂಪ್‌ಹೌಸಿನ ಹಿಂದಿನ ತಮ್ಮ ಯಾರ್ಡಿನಲ್ಲಿ ಕಾರನ್ನು ಇಳಿಸಿ, ನಿಯಮದಂತೆ ಚೀಟಿಯನ್ನು ಕಿಟಕಿಯ ಸಂದಿನಿಂದ ಒಳಕ್ಕೆ ತಳ್ಳಲಾಯಿತು. ಎಳೆದ ಕೂಲಿಯನ್ನು ಕಟ್ಟಿ ರಸೀದಿ ತಂದು ಬಾಗಿಲು ತೆರೆಯುವಷ್ಟರಲ್ಲಿ ಬಸವನಹುಳುಗಳು ತಮ್ಮ ಚೀಟಿಯನ್ನು ತಿಂದಿದ್ದವು. ಅತಿಶಯೋಕ್ತಿಯಲ್ಲ. ಕಾಗದವೆಂದರೆ ಅವಕ್ಕೆ ಪ್ರಾಣ. ಹಾಸಿದ ಪತ್ರಿಕೆಯನ್ನೂ ಪೆಟ್ಟಿಗೆಯ ರಟ್ಟನ್ನೂ ಕೆರೆದು ಕೆರೆದು ತಿನ್ನುತ್ತವೆ. ಚೀಟಿಯ ಕ್ರಮಸಂಖ್ಯೆ ಇದ್ದ ಮೂಲೆ ಪೂರ್ತಿ ಹೊಟ್ಟೆ ಸೇರಿತ್ತು. ತಮ್ಮ ನಿಯಮಾವಳಿಯನ್ನು ಈ ಆವರಣದಲ್ಲಿ ಯಾರಾದರೂ ಜೀರ್ಣಿಸಿಕೊಂಡಿದ್ದರೆ ಅವು ಮಾತ್ರ. ಆದರೆ ಅಕ್ಕನಿಗೆ ನಗು ಬರಲಿಲ್ಲ. ಬಿಸಿಲಿಗೆ ಅರ್ಧಕ್ಕರ್ಧ ಹುಳುಗಳು ಬಾಗಿಲು ಹಾಕಿಕೊಂಡಿದ್ದವು. ಅವಳು ಯಾರ್ಡಿನ ಜಲ್ಲಿಯ ಮೇಲೆ ಮಂಡಿಯೂರಿ ಒಂದೊಂದನ್ನೇ ಅಂಗೈಯಲ್ಲಿಟ್ಟು, ಬಾಯಿಯಿಂದ ಗಾಳಿಯೂದಿ ನೋಡುತ್ತಿದ್ದಳು.

“ದಂಡ ಕಟ್ಟಿಬಿಡೋಣ ಕಣೋ, ರಗಳೆ ಬೇಡ” ಎಂದಳು. ಅದೇ ವಿಶ್ವಾಸಾರ್ಹ ವ್ಯಕ್ತಿ ಇಲ್ಲಿಯೂ ಬಾಯಿ ಹಾಕಿ, “ಅಪೀಲು ಹಾಕು. ಆ ಬೋರ್ಡಿಗೆ ಬುಡವೇ ಇಲ್ಲ, ಗೆದ್ದೇ ಗೆಲ್ತೀಯ” ಎಂದ. ಬುಡಕ್ಕೆ ಆಗಲೇ ಸಿಮೆಂಟು ಬಿದ್ದಿದ್ದನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅಪೀಲಿನ ಕಥೆಯನ್ನು ತಮಗೇ ಹೇಳುವುದು ಸೂರ್ಯನಿಗೆ ಟಾರ್ಚು ಬಿಟ್ಟಂತೆ. ಆದರೂ ಈ ಪತ್ರಿಕೆಯ ಓದುಗರ ಅನುಕೂಲಕ್ಕೆ ಹೇಳಬೇಕು. ತಮ್ಮ ಕಚೇರಿಯ ಕೌಂಟರಿಗೆ ಗಾಜಿದೆ. ಗಾಜಿಗೆ ಸೊಂಟದ ಮಟ್ಟದಲ್ಲಿ ಒಂದು ತೂತಿದೆ. ನ್ಯಾಯ ಕೇಳುವವರು ಮೊದಲು ಬಗ್ಗಬೇಕು. ಒಳಗೆ ಕೂತ ಮೇಡಂ ಕೆಟ್ಟವರಲ್ಲ. ನಾವು ಮೂರನೆಯ ಸಲ ಹೋದಾಗ “ಬಂದ್ರಾ, ಬಸವನಹುಳು ಮಕ್ಳು” ಎಂದು ಬಾಯ್ತುಂಬ ಮಾತಾಡಿಸಿದರು.

“ಮೇಡಂ, ಅಪೀಲು ಬೇಡ. ದಂಡ ಕಟ್ಟಿಬಿಡ್ತೀವಿ” ಎಂದಳು ಅಕ್ಕ.

“ಅಪೀಲು ನಡೀತಿರೋವಾಗ ದಂಡ ತಗೊಳೋ ಹಾಗಿಲ್ಲಮ್ಮ.”

“ಹಾಗಾದ್ರೆ ಅಪೀಲು ವಾಪಸ್ ತಗೋತೀನಿ.”

“ಅದಕ್ಕೆ ಸಮಿತಿ ಒಪ್ಪಬೇಕು.”

“ಸಮಿತಿ ಯಾವಾಗ ಸೇರತ್ತೆ?”

“ನೆರಳು ಸಾಹೇಬ್ರ ಹೇಳಿಕೆ ಬಂದ್ಮೇಲೆ. ಜಾಗ ಅವರದು ತಾನೇ? ತೊಂದರೆ ಆಗಿರೋದು ಅವರಿಗೆ. ಅವರು ಬರೆದು ಕೊಡ್ದೆ ಸಮಿತಿ ಏನಂತ ಕೂತ್ಕೊಳತ್ತೆ?”

“ಅವರೆಲ್ಲಿದಾರೆ?”

“ಟೂರಲ್ಲಿದಾರೆ.”

“ಎಲ್ಲಿಗೆ ಹೋಗಿದಾರೆ ಮೇಡಂ?” ಎಂದು ನಾನು ಬಗ್ಗಿದೆ. ನಿಜಕ್ಕೂ ತಿಳಿದುಕೊಳ್ಳುವ ಆಸೆಯಾಗಿತ್ತು.

“ದೊಡ್ಡವರು ಎಲ್ಲಿಗೆ ಹೋಗ್ತಾರೆ ಅಂತ ನಾವು ಕೇಳೋಕಾಗತ್ತೇನಪ್ಪ?”

“ಅಲ್ಲಾ ಮೇಡಂ, ಅಂಥ ಆಫೀಸರೇ ಇಲ್ಲ ಅಂದ್ರೆ? ಆ ಬೋರ್ಡನ್ನ ಯಾರಾದ್ರೂ ಹುಡುಗಾಟಕ್ಕೆ ಹಾಕಿದ್ರೆ?”

ಮೇಡಂ ಕನ್ನಡಕ ತೆಗೆದು ನನ್ನನ್ನು ಕನಿಕರದಿಂದ ನೋಡಿದರು. “ಹುಡುಗಾಟಕ್ಕೆ ಯಾರಾದ್ರೂ ಸಿಮೆಂಟ್ ಹಾಕ್ತಾರೇನೋ?”

ಈ ತರ್ಕಕ್ಕೆ ಉತ್ತರ ತಮ್ಮಲ್ಲಿದೆಯೇ?

ಸರಿ, ನೆರಳು ನಿರ್ವಹಣಾಧಿಕಾರಿಗಳನ್ನೇ ಹುಡುಕೋಣವೆಂದು ಅಕ್ಕ ಹೊರಟಳು. ನಾನೂ ಹಿಂದೆ ಹೋದೆ. ಇಂಥ ಹುಡುಕಾಟ ಯಾರ ಜನ್ಮದಲ್ಲೂ ಬರಬಾರದು. ತೋಟಗಾರಿಕೆ ವಿಭಾಗದವರು, ಮರವಷ್ಟೇ ನಮ್ಮದು, ಅದರಿಂದ ನೆಲಕ್ಕೆ ಬಿದ್ದದ್ದು ಕಟ್ಟಡ ವಿಭಾಗಕ್ಕೆ ಸೇರಿದ್ದು ಎಂದರು. ಕಟ್ಟಡ ವಿಭಾಗದ ಗುಮಾಸ್ತರು, “ಈಗಷ್ಟೇ ಇಲ್ಲಿಂದ ಎದ್ದು ಹೋದ್ರಲ್ಲ, ನಿಮಗೆ ಎದುರಾಗಲಿಲ್ವಾ? ಎತ್ತರದ ಆಳು, ಸ್ವಲ್ಪ ಮುಂಗೋಪ” ಎಂದರು. ಸಿಬ್ಬಂದಿ ವಿಭಾಗದಲ್ಲಿ ಒಬ್ಬರು ದನಿ ತಗ್ಗಿಸಿ, ಅವರಿಗೆ ಮೇಲಿನವರ ಬೆಂಬಲವಿದೆ, ಅವರ ತಂಟೆಗೆ ಹೋಗಬೇಡಿ ಎಂದು ಬುದ್ಧಿ ಹೇಳಿದರು. ಇನ್ನೊಬ್ಬರು, ಕಳೆದ ಸಭೆಯಲ್ಲಿ ಅವರು ಆಡಿದ ಮಾತು ತಮಗೆ ಹಿಡಿಸಲಿಲ್ಲವೆಂದು ಈಗಲೂ ಕುದಿಯುತ್ತಿದ್ದರು. ಮೂರನೆಯ ಮಹಡಿಯ ಕೊನೆಯಲ್ಲಿ ಅವರಿಗಾಗಿ ಕೋಣೆ ಸಿದ್ಧವಾಗುತ್ತಿದೆ. ನಾನು ಇಣುಕಿ ಬಂದೆ. ಕುರ್ಚಿ ಬಂದಿದೆ, ಮೇಜು ಬಂದಿದೆ, ಕಿಟಕಿಗೆ ಪರದೆ ಬಂದಿದೆ. ಬಾಗಿಲ ಮುಂದೆ ಇಬ್ಬರು ಆಗಲೇ ಅರ್ಜಿ ಹಿಡಿದುಕೊಂಡು ಕಾದಿದ್ದರು. ಅವರ ಹಾಸ್ಟೆಲಿನ ಕಿಟಕಿಗೆ ಪಕ್ಕದ ಕಟ್ಟಡದ ನೆರಳು ಬೀಳುತ್ತದಂತೆ, ತೆಗೆಸಿಕೊಡಬೇಕಂತೆ.

ಸ್ವಾಮಿ, ಬೆವರು ಸುರಿಸಿ ಓದಿದವಳಿಗೆ ಈ ವಿಶ್ವವಿದ್ಯಾಲಯದಲ್ಲಿ ಒಂದು ಗಂಟೆಯ ನೆರಳಿಲ್ಲ. ಹುಟ್ಟಿಯೇ ಇಲ್ಲದವರಿಗೆ ಕೋಣೆ, ಕುರ್ಚಿ, ಮುಂಗೋಪ, ಶತ್ರುಗಳು ಎಲ್ಲವೂ ಇದೆ. ಕಣ್ಣೆದುರು ಬಗ್ಗಿ ನಿಂತಿರುವ ಹುಡುಗಿಯ ಮಾತು ತಮಗೆ ಸಾಕ್ಷಿಯಾಗುವುದಿಲ್ಲ, ಕಬ್ಬಿಣದ ತಗಡಿನ ಮಾತು ಸಾಕ್ಷಿಯಾಗುತ್ತದೆ. ಗಾಡಿಯ ಚಾಲಕರು ಬೋರ್ಡು ನಂಬಿದರು, ಅದು ಅವರ ಕೆಲಸ. ಕೌಂಟರಿನ ಮೇಡಂ ಚಾಲಕರ ಚೀಟಿ ನಂಬಿದರು, ಅದು ಅವರ ಕೆಲಸ. ಸಮಿತಿಯವರು ಮೇಡಂ ಅವರ ಮೇಜಿನ ಕಡತ ನಂಬಿದರು. ಹೀಗೆ ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಸಾಲಾಗಿ ಹೊರಟಿರಿ. ಎಲ್ಲರ ಮುಂದೆ ನಡೆಯುತ್ತಿರುವವರು ಯಾರು ಎಂದು ನೋಡಬೇಕಾದ ಒಂದೇ ಒಂದು ಹುದ್ದೆ ತಮ್ಮದು. ತಾವು ಅದನ್ನು ಬಿಟ್ಟು ಮಿಕ್ಕೆಲ್ಲವನ್ನೂ ನೋಡಿಕೊಂಡಿರಿ.

ಮೊನ್ನೆ ಸಂಜೆಯ ಮಾತು. ನಾವಿಬ್ಬರೂ ಇರುವುದು ಒಂದು ಮಹಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ. ಅಕ್ಕ ನೆಲದ ಮೇಲೆ ಕೂತು ಪೆಟ್ಟಿಗೆಗಳಿಗೆ ಹೊಸ ಪತ್ರಿಕೆ ಹಾಸುತ್ತಿದ್ದಳು. ಪ್ರಬಂಧದ ಪ್ರತಿಗಳು ಬೈಂಡಾಗಿ ಬಂದು ಕಿಟಕಿಯ ಕಟ್ಟೆಯ ಮೇಲೆ ಕೂತಿವೆ, ಹೋಗಲು ಊರಿಲ್ಲದವರ ಹಾಗೆ. ಅಮ್ಮನ ಫೋನು ಬಂತು. “ಎಲ್ಲ ಮುಗೀತಾ ಮಗಳೇ?” ಎಂದರು ಅಮ್ಮ. “ಆಯ್ತಮ್ಮ, ಇನ್ನೊಂದು ಸಹಿ ಅಷ್ಟೆ” ಎಂದಳು. ಫೋನಿಟ್ಟ ಮೇಲೆ ನನ್ನ ಕಡೆ ತಿರುಗಿ, “ತಪ್ಪು ನಂದೇ ಕಣೋ” ಎಂದಳು.

“ನಿಂದು ಹೇಗೆ ತಪ್ಪಾಗತ್ತೆ?”

“ಬೋರ್ಡು ಕಂಡೂ ನಿಲ್ಲಿಸ್ದೆನಲ್ಲ. ಆ ಮನುಷ್ಯ ದಿನಾ ಬಂದು ನೋಡಿರ್ತಾರೆ, ನನ್ನ ಕಾರು ನಿಂತಿರತ್ತೆ, ಪಾಪ ಬಿಸಿಲಲ್ಲಿ ಎಲ್ಲೋ ಹೋಗಿ ನಿಲ್ಲಿಸಿರ್ತಾರೆ. ಅದಕ್ಕೇ ಕೋಪ ಬಂದು ಹೇಳಿಕೆ ಕೊಡ್ತಿಲ್ಲ.”

“ಅವರಿಗೆ ಕೋಪ ಇಲ್ಲ ಕಣೇ!”

“ನಿಂಗೇನ್ ಗೊತ್ತು?” ಎಂದು ಅವಳು ಮಡಚಿದ ಹಾಳೆಯೊಂದನ್ನು ಕೈಗಿತ್ತಳು. ನೆರಳು ನಿರ್ವಹಣಾಧಿಕಾರಿಗಳಿಗೆ ಕ್ಷಮಾಪಣೆ. ‘ತಮ್ಮ ಜಾಗವನ್ನು ಕೇಳದೆ ಬಳಸಿಕೊಂಡಿದ್ದಕ್ಕೆ ನಾಚಿಕೆಯಾಗಿದೆ. ತಮಗೆ ಬಿಸಿಲಿನಿಂದ ತೊಂದರೆಯಾಗಿದ್ದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ’ ಎಂದು ಬರೆದಿದ್ದಳು. ತುದಿಯಲ್ಲಿ ಅವಳ ಪುಟ್ಟ ಸಹಿ. “ಅವರು ನಿಂಗೆ ಪರಿಚಯ ಅಂದ್ಯಲ್ಲ, ತಲುಪಿಸ್ತೀಯಾ?” ಎಂದಳು. ಆಮೇಲೆ ಪೆಟ್ಟಿಗೆಯ ಅಂಚನ್ನು ಬೆರಳಿನಿಂದ ಸವರುತ್ತ, ಏನೋ ನೆನಪಾದವಳಂತೆ, “ಮೊದಲಿನ ಆ ರಟ್ಟಿನ ಬೋರ್ಡಿತ್ತಲ್ಲ, ಅದರ ಅಂಚೂ ಹೀಗೇ ಇತ್ತು ಅಲ್ವೇನೋ?” ಎಂದಳು. ನಾನು ಟೀ ಕುಡೀತೀಯಾ ಎಂದು ಕೇಳಿ ಎದ್ದುಹೋದೆ.

ಆ ಕ್ಷಮಾಪಣೆ ಸಂಬಂಧಪಟ್ಟವರಿಗೆ ತಲುಪಿದೆ. ಅವರು ಅದನ್ನು ಓದಿದ್ದಾರೆ. ಓದಿದ ಮೇಲೆ ಟೀ ಉಕ್ಕಿ ಒಲೆಯೆಲ್ಲ ಹರಿದದ್ದೂ ಅವರಿಗೆ ತಿಳಿಯಲಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಮೇಲ್ಮನವಿ ಸಮಿತಿಯನ್ನು ಈ ವಾರವೇ ಸೇರಿಸಿ. ಬೇಕಾದ ಹೇಳಿಕೆ ಈ ಪತ್ರದ ಜೊತೆಗೇ ಇದೆ, ಕೆಳಗೆ ಬರೆದಿದ್ದೇನೆ. ಅದನ್ನು ಕಡತಕ್ಕೆ ಸೇರಿಸಿ, ಅಕ್ಕನ ಮೇಲಿನ ಚೀಟಿಯನ್ನು, ಅಂದರೆ ಹುಳುಗಳು ತಿಂದು ಮಿಗಿಸಿದ ಚೂರನ್ನು, ರದ್ದು ಮಾಡಿ ಬೇಬಾಕಿ ಪತ್ರ ಕೊಡಿ. ದಂಡ ಯಾರಿಗಾದರೂ ಹಾಕಲೇಬೇಕೆಂದಿದ್ದರೆ ಅಕ್ಕನನ್ನು ಬಿಟ್ಟು ಸರಿಯಾದ ವಿಳಾಸಕ್ಕೆ ಹಾಕಿ. ಮೂರನೆಯ ಮಹಡಿಯ ಆ ಕೋಣೆಯಲ್ಲಿ ಕುರ್ಚಿ ಮೇಜು ಹೇಗೂ ಇದೆ, ತಂಪಾಗಿಯೂ ಇದೆ, ತಂಪು ಕೋಣೆಯ ಬೀಗ ತೆರೆಯುವವರೆಗೆ ಕಾಯುವವರು ಯಾರಾದರೂ ಅಲ್ಲಿ ಪೆಟ್ಟಿಗೆ ಇಟ್ಟುಕೊಳ್ಳಲಿ. ಕಂಬವನ್ನು ಕೀಳಲು ಮಾತ್ರ ನನ್ನನ್ನು ಕರೆಯಬೇಡಿ. ಒಂದು ಸಂಜೆ ಪ್ರಯತ್ನಿಸಿದ್ದೇನೆ. ತಮ್ಮ ಸಿಮೆಂಟು ಗಟ್ಟಿಯಾಗಿದೆ, ಕೈ ಇನ್ನೂ ನೋಯುತ್ತಿದೆ.

ಹೇಳಿಕೆ: ಸದರಿ ಸ್ಥಳದಲ್ಲಿ ಸದರಿ ಕಾರು ನಿಂತದ್ದಕ್ಕೆ ನನ್ನ ಯಾವ ತಕರಾರೂ ಇಲ್ಲ, ಇರಲೂ ಇಲ್ಲ. ಆ ಜಾಗವನ್ನು ಕಾದಿರಿಸಿದ್ದೇ ಆ ಕಾರಿಗಾಗಿ. ನಾನು ಟೂರಿನಲ್ಲಿರಲಿಲ್ಲ, ಮರದ ಕೆಳಗೆ ನಿದ್ದೆ ಮಾಡುತ್ತಿದ್ದೆ.

ಇಂತಿ, ತಲೆ ತಗ್ಗಿಸಿ,
ನೆರಳು ನಿರ್ವಹಣಾಧಿಕಾರಿ
(ರಟ್ಟು ಅಕ್ಕನ ಪೆಟ್ಟಿಗೆಯದು, ದುಂಡಗಿನ ಅಕ್ಷರ ನನ್ನದು)

ವಿಶೇಷ ಸೂಚನೆ: ದಯವಿಟ್ಟು ಅಕ್ಕನಿಗೆ ಹೇಳಬೇಡಿ. ಇದು ಬಹಿರಂಗ ಪತ್ರವೆಂಬುದು ಗೊತ್ತಿದೆ. ಆದರೆ ಅಕ್ಕ ಈ ಪತ್ರಿಕೆಯನ್ನು ಓದುವುದಿಲ್ಲ, ಪೆಟ್ಟಿಗೆಗೆ ಹಾಸುತ್ತಾಳೆ. ಅವಳ ಕಣ್ಣಿಗೆ ಬೀಳುವ ಮೊದಲೇ ಬಸವನಹುಳುಗಳು ಇದಿಷ್ಟನ್ನೂ ತಿಂದು ಮುಗಿಸಬೇಕು. ಅವು ಎಷ್ಟು ನಿಧಾನ ಎಂಬುದು ಕೊಕ್ಕೆಯಣ್ಣನಿಗೆ ಗೊತ್ತು.